ಸಾಹೇಬನಿಗೆ ಬಂದ ಜ್ವರ

ನಂಬಬೇಡಿ. ನಾನೇ ಹೇಳುತ್ತಿದ್ದೇನೆ, ಇದರಲ್ಲಿ ಒಂದಕ್ಷರವನ್ನೂ ನಂಬಬೇಡಿ, ನಿಮ್ಮಿಂದ ಆಗುತ್ತದೋ ನೋಡೋಣ. ಕಲಬುರಗಿಯಲ್ಲಿ ಮೂವತ್ತು ವರ್ಷ ಟೈಪಿಂಗ್ ಕ್ಲಾಸ್ ನಡೆಸಿದವನು ನಾನು. ಊರಿನ ಕಚೇರಿಗಳಲ್ಲಿ ಕೂತಿರುವ ಅರ್ಧ ಗುಮಾಸ್ತರ ಬೆರಳು ತಿದ್ದಿದವನು. ಉಳಿದರ್ಧ ಜನ ಎರಡೇ ಬೆರಳಲ್ಲಿ ಕುಟ್ಟುತ್ತಾರೆ. ಅವರು ಬೇರೆ ಕಡೆ ಕಲಿತವರು. ಇಂಥ ನಾನು ಒಂದು ದೊಡ್ಡ ಕಂಪನಿಗೆ ನಮ್ಮೂರಿನ ಬಿಸಿಲನ್ನು ಒಂದೇ ಹಾಳೆಯಲ್ಲಿ ಎಂಟು ಡಿಗ್ರಿ ಇಳಿಸಿ, ಮೊಹರು ಹಾಕಿ ಕೊಟ್ಟಿದ್ದೇನೆ. ಅವರು ಅದನ್ನು ಒಪ್ಪಿಕೊಂಡು ಫೈಲಿಗೆ ಸೇರಿಸಿದರು. ಅದೇ ಬೇಸಿಗೆಯಲ್ಲಿ ಒಂದು ಲ್ಯಾಪ್‌ಟಾಪಿನ ಮೇಲೆ ಹಪ್ಪಳ ಬೆಚ್ಚಗೆ ಮಾಡಿಕೊಂಡು ತಿಂದಿದ್ದೇನೆ. ಸುಟ್ಟಿತು ಅನ್ನಲಿಲ್ಲ, ಬೆಚ್ಚಗಾಯಿತು ಅಂದೆ. ನನಗೂ ಮರ್ಯಾದೆ ಇದೆ.

ಲ್ಯಾಪ್‌ಟಾಪ್ ನನ್ನದಲ್ಲ. ಅದು ಕಮಲಾಪುರದ ಒಬ್ಬ ಇಂಗ್ಲಿಷ್ ಮಾಸ್ತರನದು. ಎಂಬತ್ತರ ದಶಕದಲ್ಲಿ ಅವನು ನನ್ನ ವಿದ್ಯಾರ್ಥಿ. ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಸಣಕಲ ಹುಡುಗ; ಮೊದಲ ದಿನ ಫೀ ಜೊತೆಗೆ ಅರ್ಧ ಗೊನೆ ಕೆಂಪು ಬಾಳೆಹಣ್ಣು ತಂದಿಟ್ಟಿದ್ದ. ನನ್ನ ಕ್ಲಾಸಿನಲ್ಲಿ ಕೀಲಿಗಳನ್ನು ನೋಡಿ ಹೊಡೆಯುವುದು ಅಪರಾಧ. ಕಳ್ಳರನ್ನು ಹಿಡಿಯಲು ನನ್ನದೊಂದು ಉಪಾಯವಿತ್ತು. ಎರಡು ಕೀಲಿಗಳ ಟೊಪ್ಪಿಗೆ ಕಿತ್ತು ಅದಲುಬದಲು ಮಾಡಿ ಸುಮ್ಮನೆ ಕೂರುತ್ತಿದ್ದೆ. ಬಗ್ಗಿ ನೋಡಿ ಹೊಡೆದವನ ಹಾಳೆ ತಪ್ಪಾಗಿ ಬರುತ್ತಿತ್ತು, ನೋಡದೆ ಹೊಡೆದವನದು ಸರಿಯಾಗಿ. ಎಲ್ಲರೂ ಒಂದಲ್ಲ ಒಂದು ದಿನ ಸಿಕ್ಕಿಬಿದ್ದರು, ಅವನೊಬ್ಬ ಸಿಗಲಿಲ್ಲ.

ಮುಂದೆ ಅವನು ತನ್ನೂರಿನ ಹೈಸ್ಕೂಲಿನಲ್ಲೇ ಮಾಸ್ತರನಾದ. ನಲವತ್ತು ದಾಟಿದ ಮೇಲೆ ಕಣ್ಣಿನ ನರ ಒಣಗಲು ಶುರುವಾಯಿತು. ಎರಡು ವರ್ಷಗಳಲ್ಲಿ ಪೂರಾ ಕತ್ತಲೆ. ಶಾಲೆಯ ಕಮಿಟಿಯವರು ಕೆಟ್ಟವರಲ್ಲ, ಕೆಲಸದಿಂದ ತೆಗೆಯಲಿಲ್ಲ. ಕಾರ್ಯದರ್ಶಿ ಮನೆಗೇ ಬಂದು, "ಮಾಸ್ತರ್ರ, ಹಾಜರಿ ಹಚ್ರಿ, ಲೈಬ್ರರಿಯೊಳಗ ಆರಾಮ ಕುಂದರ್ರಿ. ಓದಲಾಕ ಬರಲಾರದವ್ರು ಪಾಠ ಹ್ಯಾಂಗ ಮಾಡ್ತೀರಿ?" ಅಂದರು.

"ಕುರುಡಗ ಲೈಬ್ರರಿ ಕೊಟ್ಟಾರ ನೋಡ್ರಿ ಸರ್" ಅಂತ ಮಾಸ್ತರ ನನ್ನೆದುರು ನಕ್ಕ. ನಕ್ಕಿದ್ದಷ್ಟೇ, ಮೂರು ದಿನ ಊಟ ಬಿಟ್ಟಿದ್ದ ಎಂದು ಅವನ ತಾಯಿ ಆಮೇಲೆ ಹೇಳಿದರು.

ಅಂಚೆ ಮೂಲಕ ಇಂಗ್ಲಿಷ್ ಎಂ.ಎ. ಓದುತ್ತೇನೆ, ಪಾಸಾದರೆ ಹತ್ತನೇ ಕ್ಲಾಸಿನ ಪಾಠ ನನಗೆ ವಾಪಸ್ ಕೊಡಬೇಕು ಎಂದು ಅವನು ಕಮಿಟಿಯ ಮುಂದೆ ಪಣ ಹಾಕಿದ. ಕಾರ್ಯದರ್ಶಿ ಒಪ್ಪಿಕೊಂಡರು. ಒಪ್ಪಿಕೊಂಡದ್ದು ಆಗಲಾರದ ಕೆಲಸ ಎಂಬ ಧೈರ್ಯದ ಮೇಲೆ. ಮೊದಲ ವರ್ಷ ಹೆಂಡತಿಯಿಂದ, ಪಕ್ಕದ ಮನೆಯವರಿಂದ ಓದಿಸಿಕೊಂಡು ಹೇಗೋ ಪಾರಾದ. ಎರಡನೆಯ ವರ್ಷಕ್ಕೆ ಪಿ.ಎಫ್. ತೆಗೆದು ಲ್ಯಾಪ್‌ಟಾಪ್ ಕೊಂಡ. ಎರಡು ಸಾವಿರದ ಐದೋ ಆರೋ ಇಸವಿ ಇರಬೇಕು. ಅದರೊಳಗೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಫ್ಟ್‌ವೇರ್ ಹಾಕಿಸಿದ್ದ. ಅದು ಆ ಒಂದೇ ಯಂತ್ರಕ್ಕೆ ಬೀಗ ಹಾಕಿಕೊಂಡು ಬಂದದ್ದು. ಬೇರೆ ಯಂತ್ರಕ್ಕೆ ಹಾಕಿದರೆ ಬಾಯಿ ಬಿಡುತ್ತಿರಲಿಲ್ಲ. ಕೀಲಿಮಣೆಯನ್ನು ಅವನು ಹೊಸದಾಗಿ ಕಲಿಯಬೇಕಾಗಲೇ ಇಲ್ಲ. ಕೈ ಇಟ್ಟ ಕೂಡಲೇ ಬೆರಳುಗಳು ತಮ್ಮ ತಮ್ಮ ಮನೆಗೆ ತಾವೇ ಹೋದವು. ಆ ಹೆಮ್ಮೆ ನನಗೆ ಸೇರಿದ್ದು, ಅದರಲ್ಲಿ ಯಾರಿಗೂ ಪಾಲು ಕೊಡುವುದಿಲ್ಲ.

ಪುಸ್ತಕಗಳನ್ನು ಯಂತ್ರದೊಳಗೆ ಇಳಿಸುವ ಕೆಲಸ ನನ್ನದಾಯಿತು. ಕ್ಲಾಸಿನ ಕಂಪ್ಯೂಟರಿನಲ್ಲಿ ವಾರವಿಡೀ ಟೈಪ್ ಮಾಡಿ, ಸಿ.ಡಿ.ಗೆ ಹಾಕಿ, ಭಾನುವಾರ ಕಮಲಾಪುರದ ಬಸ್ಸು ಹತ್ತುತ್ತಿದ್ದೆ. ಆದರೆ ನನ್ನಂಥವನ ಕೈಗೆ ಪುಸ್ತಕ ಕೊಟ್ಟರೆ ಅದು ಇದ್ದ ಹಾಗೆ ಇರುತ್ತದೆಯೇ? ಒಂದು ಗಂಭೀರ ವಿಮರ್ಶೆಯ ನಡುವೆ, ಅದೇ ಗತ್ತಿನ ಇಂಗ್ಲಿಷಿನಲ್ಲಿ, ಒಂದು ಸಾಲು ಸೇರಿಸಿದೆ: ಈ ಹಂತದಲ್ಲಿ ಓದುಗನು ಎದ್ದುಹೋಗಿ ತನ್ನ ಟೈಪಿಂಗ್ ಗುರುವಿಗೆ ಚಹಾ ಮಾಡಿಸತಕ್ಕದ್ದು. ಯಂತ್ರ ಅದನ್ನೂ ಅದೇ ಸಪ್ಪೆ ಧ್ವನಿಯಲ್ಲಿ ಓದಿತು. ಮಾಸ್ತರ ಕೈಯಲ್ಲಿ ಗದ್ದ ಹಿಡಿದು ಎರಡು ನಿಮಿಷ ಆಲೋಚನೆ ಮಾಡಿದ. ಆಮೇಲೆ, "ಸರ್, ಈ ವಿಮರ್ಶಕ ಕಲಬುರ್ಗಿ ಕಡಿ ಇದ್ದಂಗ ಕಾಣ್ತಾನ" ಅಂದ.

ಅವನ ಸೇಡೂ ಸಣ್ಣದಲ್ಲ. "ಇದನ್ನ ಟೈಪ್ ಮಾಡೀರಲ್ಲ, ಏನ್ ತಿಳೀತು ಹೇಳ್ರಿ" ಎಂದು ಕೇಳುತ್ತಿದ್ದ. ಟೈಪಿಸ್ಟನ ಕಣ್ಣು ಅಕ್ಷರ ನೋಡುತ್ತದೆ, ಅರ್ಥ ನೋಡುವುದಿಲ್ಲ. ಅರ್ಥಕ್ಕೆ ಹೋದರೆ ಬೆರಳು ನಿಲ್ಲುತ್ತದೆ, ವೇಗ ಬೀಳುತ್ತದೆ. ನಾನು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಕಲಿಸಿದ್ದೇ ಇದು. ಮರಣ ಪ್ರಮಾಣಪತ್ರ, ಮದುವೆ ಅರ್ಜಿ ಎರಡನ್ನೂ ಒಂದೇ ಮುಖ ಮಾಡಿಕೊಂಡು ಹೊಡೆದವನು ನಾನು. ಅವನ ಪ್ರಶ್ನೆಗೆ ಹೆದರಿ, ಐವತ್ತೈದನೇ ವಯಸ್ಸಿನಲ್ಲಿ, ಟೈಪ್ ಮಾಡುವ ಮೊದಲು ಪುಟ ಓದುವುದನ್ನು ಶುರು ಮಾಡಿದೆ.

ಇನ್ನು ಅವನ ತಾಯಿ. ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವ ಮನೆ. ನಾವೆಲ್ಲ ಆಕೆಯನ್ನು ಆಯಿ ಅನ್ನುತ್ತಿದ್ದೆವು. ಯಂತ್ರದ ಧ್ವನಿ ಕೇಳಿ ಆಯಿ ಅದಕ್ಕೆ ಸಾಹೇಬ ಎಂದು ಹೆಸರಿಟ್ಟರು. "ಸಾಹೇಬ ಬೆಳಿಗ್ಗಿಂದ ಒಂದೇ ಸವನ ಓದಾಕತ್ಯಾನ, ಗಂಟಲಾ ಒಣಗಂಗಿಲ್ಲೇನಪಾ ತಮ್ಮಾ?" ಎಂದು ನನ್ನನ್ನು ಕೇಳುವರು.

ಮೊದಲ ಸಲ ಆ ಮನೆಗೆ ಹೋದಾಗ ಸಾಹೇಬ ಬರೀ ಟೇಬಲ್ ಮೇಲೆ ಕೂತಿದ್ದ. ನೋಡಿ ನನ್ನ ವೃತ್ತಿಯ ಅಭಿಮಾನ ಕೆರಳಿತು. ಟೈಪ್‌ರೈಟರ್ ಕೆಳಗೆ ಯಾವಾಗಲೂ ದಪ್ಪನೆಯ ಉಣ್ಣೆಯ ಮೆತ್ತೆ ಇರಬೇಕು. ಇಲ್ಲದಿದ್ದರೆ ಟೇಬಲ್ ಡಬಡಬ ಬಡಿಯುತ್ತದೆ, ಯಂತ್ರದ ಕೀಲು ಸಡಿಲಾಗುತ್ತದೆ. ಇದು ನನ್ನ ಕ್ಲಾಸಿನ ಮೊದಲ ಪಾಠ. "ಆಯಿ, ಮಷಿನ್ ಅಂದ ಮ್ಯಾಲ ತಳಕ್ಕ ಮೆತ್ತಗ ಇರಬೇಕು. ಇದಕ್ಕೊಂದು ಹಾಸಿಗಿ ಹೊಲೀರಿ" ಅಂದೆ. ಹದಿನೈದು ದಿನದಲ್ಲಿ ಒಂದು ಪುಟ್ಟ ಕೌದಿ ತಯಾರಾಯಿತು. ಹಳೆಯ ಧೋತರ, ತಮ್ಮ ಹಳೆಯ ಇರಕಲ್ ಸೀರೆಯ ತುಂಡುಗಳನ್ನು ಪದರ ಪದರ ಇಟ್ಟು ಹೊಲಿದದ್ದು, ಮೂರು ಬೆರಳು ದಪ್ಪ. ನಾಲ್ಕೂ ಕಡೆ ದಿಂಡು ಬೇರೆ. ತೊಟ್ಟಿಲಲ್ಲಿ ಕೂಸು ಕೂತ ಹಾಗೆ ಸಾಹೇಬ ಅದರೊಳಗೆ ಕೂರುತ್ತಿದ್ದ. ಹೊಲಿಗೆಯಂತೂ ಸಾಲು ಹಿಡಿದ ಇರುವೆಯ ಹಾಗೆ. ಇಂಥ ಮೆತ್ತೆ ನನ್ನ ಕ್ಲಾಸಿನ ಒಂದು ಮಷಿನ್ನಿಗೂ ಇರಲಿಲ್ಲ.

ಶಿವರಾತ್ರಿ ಕಳೆದದ್ದೇ ಸಾಹೇಬನಿಗೆ ಜ್ವರ ಬಂತು. ಅರ್ಧ ಗಂಟೆ ಓದುವನು, ಒಳಗಿಂದ ಗೊರ್ ಎಂದು ಸದ್ದು ಬರುವುದು, ಮೈ ಕಾದ ಹಂಚಾಗುವುದು, ಮಾತಿನ ನಡುವೆಯೇ ಟಪ್ ಎಂದು ಆರಿಹೋಗುವನು. ಮತ್ತೆ ಎಬ್ಬಿಸಬೇಕಾದರೆ ಒಂದು ತಾಸು ಕಾಯಬೇಕು. ದಿನ ಕಳೆದ ಹಾಗೆ ಅರ್ಧ ಗಂಟೆ ಇಪ್ಪತ್ತು ನಿಮಿಷವಾಯಿತು. ಮೇ ಕೊನೆಗೆ ಪರೀಕ್ಷೆ, ನಾಲ್ಕು ಪೇಪರು, ಕೇಳಿ ಮುಗಿಸಬೇಕಾದದ್ದು ಒಂದು ರಾಶಿ. ಆಯಿ ಹಸಿ ಬಟ್ಟೆ ಹಿಂಡಿ ತಂದು ಸಾಹೇಬನ ಹಣೆಗೆ ಪಟ್ಟಿ ಹಾಕಲು ಹೊರಟಿದ್ದರು; ನಾನು ಅಡ್ಡ ಬಿದ್ದು ತಡೆದೆ. ಹಪ್ಪಳದ ಪ್ರಯೋಗ ನಡೆದದ್ದು ಆವತ್ತೇ. ಮಾಸ್ತರ ಕರಕರ ಸದ್ದು ಕೇಳಿ, "ಸರ್, ನಾ ಇಲ್ಲಿ ಸಾಯಾಕತ್ತೀನಿ, ನೀವು ಹಪ್ಪಳ ತಿನ್ನಾಕತ್ತೀರಿ" ಅಂದ. ಅರ್ಧ ಮುರಿದು ಅವನಿಗೂ ಕೊಟ್ಟೆ.

ಕಂಪನಿಗೆ ಫೋನ್ ಮಾಡುವ ಜವಾಬ್ದಾರಿ ನಾನು ಹೊತ್ತೆ. ಮೊದಲನೆಯ ಸಲ ಆಫ್ ಮಾಡಿ ಆನ್ ಮಾಡಿ ಅಂದರು. ಅದು ತಾನೇ ಆಫ್ ಆಗುತ್ತದೆ ಎಂಬುದೇ ನಮ್ಮ ದೂರು ಎಂದೆ. ಸಂಗೀತ ಹಾಕಿ ಹೋದರು, ಬರಲೇ ಇಲ್ಲ. ಎರಡನೆಯ ಸಲ ಬೇರೆ ಯಾರೋ, ಮತ್ತೆ ಮೊದಲಿಂದ ರಾಮಾಯಣ. ಮೂರನೆಯ ಸಲ ನಿಮ್ಮ ದೂರು ಪರಿಹಾರವಾಗಿದೆ, ಮುಚ್ಚಲಾಗಿದೆ ಅಂದರು. ನಾಲ್ಕನೆಯ ಸಲ ಒಬ್ಬ ಸಭ್ಯ ತರುಣ ಸಿಕ್ಕ. ಅವನು ಮಾತಾಡಿದ್ದು ಇಂಗ್ಲಿಷಿನಲ್ಲಿ. ನಾನೂ ಆಡಿದ್ದು ಇಂಗ್ಲಿಷೇ ಎಂದು ಇವತ್ತಿಗೂ ನಂಬಿದ್ದೇನೆ.

"ಸರ್, ಯಂತ್ರವನ್ನು ಇಟ್ಟಿರುವ ಕೋಣೆಯ ಉಷ್ಣಾಂಶ ಎಷ್ಟು?"

"ನಲವತ್ತೆರಡು. ಮಧ್ಯಾಹ್ನ ಆಗ್ಲಿ ತಡೀರಿ, ಇನ್ನೂ ಏರ್ತದ."

ಆ ಕಡೆ ಕಾಗದ ಮಗುಚಿದ ಸದ್ದು. ಆಮೇಲೆ, "ಸರ್, ನಮ್ಮ ಯಂತ್ರ ಮೂವತ್ತೈದು ಡಿಗ್ರಿಯವರೆಗೆ ಮಾತ್ರ. ಅದಕ್ಕಿಂತ ಹೆಚ್ಚಿದ್ದರೆ ವಾರಂಟಿಗೆ ಬರುವುದಿಲ್ಲ."

"ಹಂಗಾದ್ರ ಕಲಬುರ್ಗಿ ಅಂಗಡ್ಯಾಗ ಯಾಕ ಮಾರಿದ್ರಿ?"

"ಸರ್, ದಯವಿಟ್ಟು ಏಸಿ ಕೋಣೆಯಲ್ಲಿ ಬಳಸಿ."

"ಕಮಲಾಪುರದಾಗ ಕರೆಂಟೇ ಇರಂಗಿಲ್ಲ. ಏಸಿ ಏನ್ ಕಂದೀಲಿಗೆ ಹಚ್ಲೇನು?"

ಕ್ಷಮಿಸಿ ಸರ್, ಬೇರೇನಾದರೂ ಸಹಾಯ ಬೇಕೇ ಎಂದು ಕೇಳಿದ. ಮೊದಲ ಸಹಾಯ ಎಲ್ಲಿ ಮಾಡಿದೆಯಪ್ಪಾ ಅನ್ನುವುದರೊಳಗೆ ಲೈನು ಕಟ್ಟಾಯಿತು.

ಒಂದಿಡೀ ಊರನ್ನು ವಾರಂಟಿಯಿಂದ ಹೊರಗೆ ಹಾಕಿದ ಕಂಪನಿ ಅದು. ನಾನು ಸುಮ್ಮನಿರುವವನೇ? ಹಳೆಯ ಟೈಪ್‌ರೈಟರಿನ ಧೂಳು ಒರೆಸಿ, ಅಚ್ಚ ಕಚೇರಿ ಇಂಗ್ಲಿಷಿನಲ್ಲಿ ಒಂದು ಪ್ರಮಾಣಪತ್ರ ಹೊಡೆದೆ. ಸದರಿ ಯಂತ್ರದ ಸಲುವಾಗಿ ಖುದ್ದಾಗಿ ಪರಿಶೀಲಿಸಲಾಗಿ, ಉಷ್ಣಾಂಶವು ಮೂವತ್ನಾಲ್ಕು ಡಿಗ್ರಿಗಿಂತ ಹೆಚ್ಚಿಲ್ಲವೆಂದು ಕಂಡುಬಂದಿರುತ್ತದೆ. ಇದರಲ್ಲಿ ಸುಳ್ಳಿಲ್ಲ, ಖುದ್ದಾಗಿಯೇ ಪರಿಶೀಲಿಸಿದ್ದೆ. ಥರ್ಮಾಮೀಟರನ್ನು ಕುಡಿಯುವ ನೀರಿನ ಕೊಡದೊಳಗೆ ಇಳಿಬಿಟ್ಟು. ಕೆಳಗೆ ಸಹಿ, ಸಹಿಯ ಮೇಲೆ ನನ್ನ ಕ್ಲಾಸಿನ ದುಂಡು ಮೊಹರು. ಫ್ಯಾಕ್ಸ್ ಮಾಡಿದೆ. ನಾಲ್ಕು ಫೋನಿಗೆ ಅಲುಗದ ಕಂಪನಿ ಒಂದು ದುಂಡು ಮೊಹರಿಗೆ ಅಲುಗಿತು. ಹೈದರಾಬಾದಿನ ಸರ್ವಿಸ್ ಸೆಂಟರಿಗೆ ತನ್ನಿ ಎಂದು ಉತ್ತರ ಬಂತು.

ಏಪ್ರಿಲ್ ಶುರುವಿನಲ್ಲಿ ಒಯ್ದೆ. ಸಾಹೇಬ ದೊಡ್ಡ ಊರಿಗೆ ಹೋಗುವಾಗ ಹೊಲಸು ಕೌದಿ ಬೇಡವೆಂದು ಆಯಿ ಅದನ್ನು ಒಗೆದು ಒಣಹಾಕಿದ್ದರು; ಒಣಗುವ ಮೊದಲೇ ನನ್ನ ಬಸ್ಸು ಬಂದದ್ದರಿಂದ ಕೌದಿ ಕಮಲಾಪುರದಲ್ಲೇ ಉಳಿಯಿತು. ಆ ಸೆಂಟರಿನೊಳಗೆ ಎಂಥ ಚಳಿ ಅಂತೀರಿ! ಹೊರಗೆ ಡಾಂಬರು ಕರಗುತ್ತಿದೆ, ಒಳಗೆ ಕೌಂಟರಿನಲ್ಲಿ ಕೂತ ಹುಡುಗಿ ಸ್ವೆಟರ್ ಹಾಕಿಕೊಂಡಿದ್ದಾಳೆ. ಹದಿನೆಂಟು ದಿನ ಇಟ್ಟುಕೊಂಡರು. ವಾಪಸ್ ಕೊಟ್ಟಾಗ ಒಂದು ಚೀಟಿ: ದೋಷ ಕಂಡುಬಂದಿಲ್ಲ. ಆ ಚಳಿಯಲ್ಲಿ, ಬರೀ ಮೇಜಿನ ಮೇಲೆ, ಯಾವ ಸಾಹೇಬನಿಗೆ ಜ್ವರ ಬಂದೀತು? ಜೊತೆಗೊಂದು ಉಪಕಾರ ಮಾಡಿದ್ದರು, ಒಳಗಿನದನ್ನೆಲ್ಲ ಅಳಿಸಿ ಸ್ವಚ್ಛ ಮಾಡಿದ್ದರು. ನಾನು ಟೈಪ್ ಮಾಡಿದ ಪುಟವೆಲ್ಲ ಮಾಯ. ಆದರೆ ನಾನು ಕಾರ್ಬನ್ ಇಡದೆ ಜನ್ಮದಲ್ಲಿ ಹಾಳೆ ಏರಿಸಿದವನಲ್ಲ, ಪ್ರತಿಯೊಂದರ ಸಿ.ಡಿ. ಎರಡೆರಡು ಇದ್ದವು. ಮಾತಿನ ಸಾಫ್ಟ್‌ವೇರನ್ನೂ ಪುಸ್ತಕಗಳನ್ನೂ ಮತ್ತೆ ತುಂಬಿಕೊಂಡು ಕಮಲಾಪುರಕ್ಕೆ ಹೋದೆ. ಆಯಿ ಒಗೆದ ಕೌದಿ ಹಾಸಿಟ್ಟು ಕಾಯುತ್ತಿದ್ದರು. ಸಾಹೇಬನನ್ನು ಅದರೊಳಗೆ ಕೂರಿಸಿದೆವು. ಹದಿನೆಂಟನೇ ನಿಮಿಷಕ್ಕೆ ಟಪ್.

ಪರೀಕ್ಷೆಗೆ ಉಳಿದದ್ದು ಒಂದು ತಿಂಗಳು. ಮಷಿನ್ ಹಾಳಾಗಲಿ, ನಾನೇ ಓದುತ್ತೇನೆ ಎಂದು ಕೂತೆ. ನನ್ನ ಬೆರಳಿನ ಇಂಗ್ಲಿಷ್ ನಿಮಿಷಕ್ಕೆ ಅರವತ್ತು ಶಬ್ದ; ಬಾಯಿಯ ಇಂಗ್ಲಿಷಿನ ವೇಗ ಹೇಳುವುದಿಲ್ಲ. ಒಂದು ಕವಿತೆ ಮುಗಿಸುವ ಹೊತ್ತಿಗೆ ಮಾಸ್ತರ, "ಸರ್, ಇನ್ನ ಎರಡು ಸಾಲು ಹಿಂಗ ಓದಿದ್ರ ಆ ಕವಿ ಗೋರ್ಯಾಗಿಂದ ಎದ್ದು ಬಂದು ತಾನೇ ಓದ್ತಾನ" ಅಂದ. ಎರಡನೇ ದಿನ ನನ್ನ ಗಂಟಲು ಕಟ್ಟಿತು. ಅವನ ಹೆಂಡತಿಗೆ ಮನೆಗೆಲಸ, ಅಕ್ಕಪಕ್ಕದವರಿಗೆ ಹೊಲದ ಕೆಲಸ.

ಆ ಸಂಜೆ ಅವನು ಅಂಗಳದಲ್ಲಿ ಕೂತು ತಣ್ಣಗೆ ಹೇಳಿದ: "ಸಾಕು ಬಿಡ್ರಿ ಸರ್. ಈ ವರ್ಷ ಪರೀಕ್ಷಾಕ ಕುಂದ್ರಂಗಿಲ್ಲ."

"ಮುಂದಿನ ವರ್ಷ?"

"ಮುಂದಿನ ವರ್ಷದೊಳಗ ಕಮಿಟಿಯವರು ಹೊಸಾ ಮಾಸ್ತರನ್ನ ತಗೋತಾರ. ಲೈಬ್ರರಿ ಭಾಳ ತಂಪದ ಸರ್, ಕೂಡ್ತೀನಿ."

ನನಗೆ ತಮಾಷೆಯ ಒಂದು ಮಾತೂ ಹೊಳೆಯಲಿಲ್ಲ. ಅಂಥ ದಿನ ನನ್ನ ಜೀವನದಲ್ಲಿ ಬಹಳ ಕಡಿಮೆ. ಇನ್ನೊಂದೇ ಸಲ ಕಂಪನಿಯ ಜೊತೆ ಜಗಳ ಮಾಡುತ್ತೇನೆ, ಈ ಸಲ ಯಂತ್ರವನ್ನು ಫೋನಿನ ಪಕ್ಕದಲ್ಲೇ ಇಟ್ಟುಕೊಂಡು ಎಂದು ಹೇಳಿ, ಸಾಹೇಬನನ್ನು ಕೌದಿಯ ಸಮೇತ ಎತ್ತಿಕೊಂಡು ಕಲಬುರಗಿಗೆ ಬಂದೆ.

ಮರುದಿನ ನನ್ನ ಕ್ಲಾಸಿನ ಕೂಲರ್ ಕೆಟ್ಟಿತು. ಏಪ್ರಿಲ್ ತಿಂಗಳಲ್ಲಿ ನಮ್ಮೂರಿನಲ್ಲಿ ಕೂಲರ್ ಮಿಸ್ತ್ರಿಗಿಂತ ದೊಡ್ಡ ಮನುಷ್ಯನಿಲ್ಲ. ಕರೆದ ನಾಲ್ಕನೇ ದಿನ ಬಂದರೆ ಅದು ನಮ್ಮ ಪುಣ್ಯ. ನನ್ನ ಮಿಸ್ತ್ರಿ ಅದೇ ದಿನ ಬಂದ, ಯಾಕೆಂದರೆ ಅವನೂ ಹಿಂದೆ ನನ್ನಲ್ಲಿ ಎರಡು ತಿಂಗಳು ಟೈಪಿಂಗ್ ಕಲಿತು, ಕೀಲಿಯ ಟೊಪ್ಪಿಗೆಯಲ್ಲಿ ಸಿಕ್ಕಿಬಿದ್ದು, ಓಡಿಹೋಗಿದ್ದವನು. ಕೂಲರಿನ ಬೆನ್ನು ಬಿಚ್ಚಿ ಕೂತಿದ್ದ. ನಾನು ಫೋನ್ ಹಿಡಿದುಕೊಂಡು ಕಂಪನಿಯ ಸಂಗೀತ ಕೇಳುತ್ತ, ಅವನಿಗೆ ವಾರಂಟಿಯ ಕಥೆ ಹೇಳುತ್ತ ಕೂತಿದ್ದೆ. ಮೇಜಿನ ಮೇಲೆ ಕೌದಿಯೊಳಗೆ ಸಾಹೇಬ ಗೊರಗುಟ್ಟುತ್ತಿದ್ದ.

ಮಿಸ್ತ್ರಿ ತಲೆ ಎತ್ತಿದ. "ಸಾಬ್, ಅದರದ್ದು ದಮ್ ಕಟ್ಟಾಕತ್ತದ."

"ಏನಂದಿ?"

"ಉಸಿರು, ಉಸಿರು. ಆವಾಜ್ ಕೇಳ್ರಿ. ನಾ ಕೂಲರ್ ಒಳಗ ದಿನಾ ಇದೇ ಕೇಳ್ತೀನಿ." ಎದ್ದು ಬಂದು ಕೌದಿಯೊಳಗೆ ಬೆರಳು ತೂರಿಸಿ ನೋಡಿದ. "ಅರೆ ಸಾಬ್! ಕೂಲರ್ ಬೆನ್ನು ಗ್ವಾಡಿಗಿ ಹಚ್ಚಿ ಇಟ್ರ ಏನಾಗ್ತದ?"

"ಗಾಳಿ ಎಳಕೊಳ್ಳಲಾಕ ಜಾಗ ಇರಂಗಿಲ್ಲ."

"ನಿಮಗ ಇಷ್ಟೆಲ್ಲಾ ಗೊತ್ತದ. ಮತ್ತ ಇದರ ಬಾಯಿಗಿ ಗಾದಿ ಯಾಕ ತುರುಕೀರಿ?"

ಯಂತ್ರ ಎತ್ತಿ ಬೋರಲು ಹಾಕಿದ. ತಳದಲ್ಲಿ ಸಣ್ಣ ಸಣ್ಣ ಕಂಡಿಗಳ ಜಾಲರಿ. ಒಂದು ಕಂಡಿಯೂ ಕಾಣುತ್ತಿರಲಿಲ್ಲ; ಎಲ್ಲದರೊಳಗೂ ನಯವಾದ ಅರಳೆ ಮೆತ್ತಿಕೊಂಡಿತ್ತು. ಮಿಸ್ತ್ರಿ ಸ್ಕ್ರೂಡ್ರೈವರ್ ತೆಗೆದ. ನಾನು ಕೈ ಹಿಡಿದೆ. "ಏ, ಬಿಚ್ಚಬ್ಯಾಡ, ವಾರಂಟಿ ಹೋಗ್ತದ."

"ಯಾವ ವಾರಂಟಿ ಸಾಬ್? ನಿಮ್ಮೂರೇ ಅದರಾಗ ಇಲ್ಲಂತ, ಈಗ ನೀವೇ ಅಂದ್ರಿ."

ಬಿಚ್ಚಿದ. ಕೂಲರಿನ ಫ್ಯಾನು ಒರೆಸುವ ಬ್ರಶ್ಶನ್ನು ಒಳಗೆ ಆಡಿಸಿ ಎಳೆದ. ದೀಪದ ಬತ್ತಿಯಂಥ ಒಂದು ಉಂಡೆ ಹೊರಗೆ ಬಂತು; ಬಿಳಿ ಧೋತರದ ಅರಳೆ, ನಡುವೆ ಇರಕಲ್ ಸೀರೆಯ ಕೆಂಪು ಎಳೆ. ನಾನು ಫೋನ್ ಕೆಳಗಿಟ್ಟೆ. ಆ ಕಡೆ ಯಾರೋ ಹಲೋ ಹಲೋ ಅನ್ನುತ್ತಿದ್ದರು, ಅಷ್ಟು ಹೊತ್ತಿಗೆ ಸರಿಯಾಗಿ ಬಂದಿದ್ದರು. ಕಂಪನಿಯವರು ಕೋಣೆಯ ಉಷ್ಣಾಂಶ ಕೇಳಿದರು, ಬಿಲ್ಲಿನ ನಂಬರು ಕೇಳಿದರು, ನನ್ನ ತಾಯಿಯ ಹುಟ್ಟೂರು ಒಂದು ಬಿಟ್ಟು ಎಲ್ಲ ಕೇಳಿದರು. ಯಂತ್ರವನ್ನು ಯಾವುದರ ಮೇಲೆ ಇಡುತ್ತೀರಿ ಎಂದು ಒಬ್ಬನೂ ಕೇಳಲಿಲ್ಲ. ಆದರೆ ಅವರನ್ನು ಬೈಯಲು ನನಗೆ ನಾಲಿಗೆ ಏಳಲಿಲ್ಲ. ಮೆತ್ತೆ ಹೊಲಿಸಿದ ಮ್ಯಾನುಫ್ಯಾಕ್ಚರರ್ ನಾನೇ ಅಲ್ಲವೇ.

ಮುಚ್ಚಿ ಬರೀ ಮೇಜಿನ ಮೇಲಿಟ್ಟು ಚಾಲೂ ಮಾಡಿದೆವು. ಗೊರಗೊರ ಇಲ್ಲ. ಕೂಲರ್ ರಿಪೇರಿ ಮುಗಿಯಿತು, ಚಹಾ ಮುಗಿಯಿತು, ಒಂದೂವರೆ ತಾಸಾಯಿತು, ಸಾಹೇಬ ಓದುತ್ತಲೇ ಇದ್ದ. ಇದಕ್ಕೆ ಏನು ಕೊಡಲಿ ಅಂದರೆ ಮಿಸ್ತ್ರಿ ತಲೆ ಅಲ್ಲಾಡಿಸಿದ. "ಅದರ ಬಾಯಿಂದ ನನಗ ಒಂದು ಸಲಾಂ ಅನಸ್ರಿ, ಸಾಕು." ನಾನು ಟೈಪ್ ಮಾಡಿದೆ. ಸಾಹೇಬ ತನ್ನ ಪರದೇಶಿ ಗಂಟಲಲ್ಲಿ, ಸಲಾಂ ಉಸ್ತಾದ್ ಅಂದ. ಮಿಸ್ತ್ರಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕ. ಮತ್ತೆ ಮತ್ತೆ ಆರು ಸಲ ಅನ್ನಿಸಿಕೊಂಡು ಹೋದ.

ಹೋಗುವಾಗ ಒಂದು ಸಲಹೆ ಕೊಟ್ಟಿದ್ದ: ತಂಪಾದ ಫರಸಿ ಕಲ್ಲಿನ ಮೇಲೆ ಇಡಿ, ಕೆಳಗೆ ಬೆರಳಗಲ ಜಾಗ ಬಿಡಿ. ಒಂದೂವರೆ ಅಡಿಯ ಶಹಾಬಾದ ಕಲ್ಲು ತಂದೆ. ಸತ್ತುಹೋದ ಒಂದು ಟೈಪ್‌ರೈಟರಿನ ನಾಲ್ಕು ರಬ್ಬರ್ ಕಾಲು ಕಿತ್ತು ಅದರ ಮೇಲೆ ಅಂಟಿಸಿದೆ. ಭಾನುವಾರ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಕಂಡಕ್ಟರ್ ಮೇಲಿಂದ ಕೆಳಗೆ ನೋಡಿದ. "ಏನ್ರೀ ಯಜಮಾನ್ರ, ನಿಮ್ಮ ಸಮಾಧಿ ಗದ್ದುಗಿ ನೀವೇ ಕಟ್ಟಸಾಕ ಹೊಂಟೀರೇನು?"

"ಹೂಂ, ಜಾಗ ನೋಡೀನಿ. ನಿನಗೂ ಒಂದು ಹಿಡೀಲೇನು?" ಅಂದೆ. ಬಸ್ಸು ಪೂರಾ ನಕ್ಕಿತು. ಕಲ್ಲಿಗೆ ಲಗೇಜು ಹಾಕಲಿಲ್ಲ.

ಕಮಲಾಪುರದಲ್ಲಿ ಕಲ್ಲಿನ ಮೇಲೆ ರಬ್ಬರ್ ಕಾಲು, ಕಾಲಿನ ಮೇಲೆ ಸಾಹೇಬ. ಮಾಸ್ತರ ಎದುರು ಕೂತ. ಇಪ್ಪತ್ತು ನಿಮಿಷ ದಾಟಿತು. ಅವನು ಕೈ ಚಾಚಿ ಯಂತ್ರದ ಬೆನ್ನು ಮುಟ್ಟಿ ನೋಡಿದ, ಕೈ ಹಿಂದೆ ತೆಗೆದುಕೊಂಡ. ಅರ್ಧ ಗಂಟೆ. ಒಂದು ತಾಸು. ನಡುವೆ ಕರೆಂಟ್ ಹೋಯಿತು. ಸಾಹೇಬ ಬ್ಯಾಟರಿಯ ಮೇಲೆ ಓದಿದ. ಒಂದು ಪೂರಾ ಅಧ್ಯಾಯ ಮುಗಿದ ಮೇಲೆ ಆಯಿ ಬಾಗಿಲಿಗೆ ಬಂದು, "ಅಗಬಾಯಿ, ಸಾಹೇಬನ ಜ್ವರಾ ಇಳದಾವಲ್ಲೋ" ಅಂದರು. ಮಾಸ್ತರ ಮುಖ ಆ ಕಡೆ ತಿರುಗಿಸಿಕೊಂಡ.

ಅವನು ನನ್ನನ್ನು ಬೀಳ್ಕೊಡಲು ಬಸ್ ಸ್ಟ್ಯಾಂಡಿನವರೆಗೆ ಬಂದ. ಅಲ್ಲಿ ನಾನು ಅವನ ಕೈ ಹಿಡಿದು, "ಮಾಸ್ತರ, ತಪ್ಪು ಕಂಪನೀದಲ್ಲೋ, ನಂದು. ಮೆತ್ತಿ ಹೊಲಸಿದಾವ ನಾನೇ" ಎಂದು ಒಪ್ಪಿಕೊಂಡೆ. ಅವನು, "ಗುರುಗಳ ತಪ್ಪೂ ಒಂದು ಪಾಠ ಬಿಡ್ರಿ" ಎಂದು ನಕ್ಕ.

ಆ ತಿಂಗಳು ಅವನು ದಿನಕ್ಕೆ ಎಂಟು ತಾಸು ಕೇಳಿದ. ಇನ್ನೊಬ್ಬರ ಕೈಯಿಂದ ಬರೆಸಿ ನಾಲ್ಕೂ ಪೇಪರು ಮುಗಿಸಿದ. ಮಳೆಗಾಲದಲ್ಲಿ ಫಲಿತಾಂಶ ಬಂತು, ಸೆಕೆಂಡ್ ಕ್ಲಾಸ್. ಕಾರ್ಯದರ್ಶಿ ಆಡಿದ ಮಾತಿಗೆ ತಪ್ಪಲಿಲ್ಲ, ಹತ್ತನೇ ಕ್ಲಾಸು ಅವನಿಗೇ ಕೊಟ್ಟರು. ಅವರಿಗೂ ನನ್ನ ನಮಸ್ಕಾರ. ಅವನು ಪಾಠ ಶುರು ಮಾಡಿದ ವಾರ, ಯಾರಿಗೂ ಹೇಳದೆ ನಾನು ಹೋಗಿ ಕ್ಲಾಸಿನ ಕಿಟಕಿಯ ಹೊರಗೆ ನಿಂತೆ. ಒಳಗೆ ಅವನು ಒಂದು ಪದ್ಯ ಬಾಯಿಪಾಠ ಹೇಳುತ್ತಿದ್ದ, ನಾನೇ ಟೈಪ್ ಮಾಡಿದ್ದು. ನಡುವೆ ನಿಲ್ಲಿಸಿದ. "ಸರ್, ಕಿಡಕ್ಯಾಗ ನಿಂತು ಇಣಕಬ್ಯಾಡ್ರಿ, ಒಳಗ ಬರ್ರಿ. ನಿಮ್ಮ ಚಪ್ಪಲಿ ಸಪ್ಪಳ ಇಡೀ ಕಮಲಾಪುರಕ್ಕ ಗೊತ್ತದ." ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಅವನು ಪದ್ಯದ ಅರ್ಥ ಹೇಳಿದ. ನನಗೆ ಪೂರಾ ತಿಳಿಯಿತು. ಮೂವತ್ತು ವರ್ಷ ಅಕ್ಷರದ ಹೊಟ್ಟನ್ನು ತೂರಿದವನಿಗೆ ಕಾಳು ತೋರಿಸಿದವನು ಅವನು. ಇವತ್ತು ನಾನು ದಿನಕ್ಕೆ ನಾಲ್ಕು ಪುಟ ಓದದೆ ಮಲಗುವುದಿಲ್ಲ. ಆ ಋಣ ದೊಡ್ಡದು. ಕೂಲರಿನ ಸದ್ದಿನಲ್ಲಿ ಕಿವಿ ಪಳಗಿಸಿಕೊಂಡ ಮಿಸ್ತ್ರಿಯದೂ ಸಣ್ಣದಲ್ಲ.

ಇಷ್ಟೆಲ್ಲದರಲ್ಲಿ ಒಂದೇ ಒಂದು ಸುಳ್ಳಿದೆ. ಹಪ್ಪಳ ನಿಜ. ಪ್ರಮಾಣಪತ್ರ ನಿಜ, ಅದರ ಕಾರ್ಬನ್ ಕಾಪಿ ನನ್ನ ಹತ್ತಿರ ಇದೆ, ಬಂದು ನೋಡಿ. ಬಸ್ ಸ್ಟ್ಯಾಂಡಿನಲ್ಲಿ ತಪ್ಪು ಒಪ್ಪಿಕೊಂಡೆ ಅಂದೆನಲ್ಲ, ಅದು ಸುಳ್ಳು. ಒಪ್ಪಿಕೊಳ್ಳಲಿಲ್ಲ; ಕಂಪನಿಯ ಫ್ಯಾನಿನದೇ ದೋಷ, ಮಿಸ್ತ್ರಿ ಸರಿಮಾಡಿದ ಎಂದು ಹೇಳಿ ಬಂದೆ. ಅವನು ನಕ್ಕದ್ದನ್ನೂ ನಾನೇ ಬರೆದುಕೊಂಡೆ. ಕೌದಿ ಎಲ್ಲಿ ಎಂದು ಆಯಿ ಕೇಳಿದಾಗ, ಮಷಿನ್ ನೋಡಿದ ಮಿಸ್ತ್ರಿಗೆ ನಿಮ್ಮ ಹೊಲಿಗೆ ಬಹಳ ಮನಸ್ಸಿಗೆ ಬಂತು, ಇಟ್ಟುಕೊಂಡ ಅಂದೆ. ಆಯಿ ಎಷ್ಟು ಖುಷಿಪಟ್ಟರೆಂದರೆ, ಅವನಿಗೆಂದೇ ದೊಡ್ಡದೊಂದು ಕೌದಿ ಹೊಲಿದು ನನ್ನ ಕೈಯಲ್ಲೇ ಕಳಿಸಿದರು. ಮಿಸ್ತ್ರಿಯ ಮನೆಯಲ್ಲಿ ಅದನ್ನು ಈಗಲೂ ಹೊದೆಯುತ್ತಾರೆ. ಸಣ್ಣದು ನನ್ನ ಕಪಾಟಿನಲ್ಲಿದೆ. ಆಯಿ ಹೋಗಿ ಬಹಳ ವರ್ಷವಾಯಿತು. ಮಾಸ್ತರ ಮಾತ್ರ ಸಿಕ್ಕಾಗಲೆಲ್ಲ ಆ ಕಂಪನಿಯನ್ನು ಇವತ್ತಿಗೂ ಬೈಯುತ್ತಾನೆ, ನಾನೂ ಪಕ್ಕದಲ್ಲಿ ಕೂತು ಎರಡು ಬೈಗುಳ ಸೇರಿಸುತ್ತೇನೆ.